ಯಂತ್ರ ಹೇಳಿದ ಒಡಪು

“ಅಜ್ಜಿ, ಮೊಬೈಲ್‌ನ್ಯಾಗ ಯಂತ್ರ ಬರದ ಈ ಒಡಪು ಬರೋಬರ್ ಐತೇನು?” ಎನ್ನುತ್ತ ಮೊಮ್ಮಗಳು ಶ್ವೇತಾ ನನ್ನೆದುರು ಕೂತಳು. ಇಲ್ಲೇ ನಾಗಪುರದಲ್ಲಿ ಮರಾಠಿ ಎಂ.ಎ. ಓದುತ್ತಾಳೆ. ಭಾಷೆ ಓದುವವರಿಗೂ ಈಗ ಕೃತಕ ಬುದ್ಧಿಮತ್ತೆಯ ಪಾಠವಂತೆ. “ಎಲ್ಲಾ ಯಂತ್ರನ ಬರೀತೈತಿ, ನಾ ಯಾಕ ಓದಬೇಕು?” ಎಂದು ವಾರದಿಂದ ಓದು ಬಿಡುವ ಮಾತಾಡುತ್ತಿದ್ದಳು.

ಮದುಮಗಳು ನಾಚುತ್ತ ನಾಚುತ್ತ ಕೊನೆಗೆ ಗಂಡನ ಹೆಸರು ಹೇಳುವ ಪ್ರಾಸದ ಪದವೇ ಒಡಪು. ಯಂತ್ರ ಮೊದಲ ಮಾತಿಗೇ ಹೆಸರು ಹೇಳಿಬಿಟ್ಟಿತ್ತು!

“ಅಯ್ಯ, ಭಾಳ ಅವಸರದ ಮದುಮಗಳವ್ವಾ ಇದು!” ಎಂದು ನಕ್ಕು, ಈ ಊರಿಗೆ ಬಂದ ಹೊಸದರಲ್ಲಿ ನಾನೇ ಕಟ್ಟಿದ ಒಡಪನ್ನು ಹೇಳಿದೆ:

“ಇತವಾರಿ ಪ್ಯಾಟ್ಯಾಗ ಕೈಗಾಡಿ ಗದ್ದಲ,
ಕೈಬಿಟ್ಟು ನಡಿಯಾಕ ಬಸವರಾಜರು ಬಿಡಲಿಲ್ಲ.”

ಶ್ವೇತಾ ಬಿದ್ದು ಬಿದ್ದು ನಕ್ಕಳು. ಆಮೇಲೆ ಅದನ್ನು ಬರೆದುಕೊಳ್ಳುತ್ತ, “ಅಜ್ಜಿ, ನಿಮ್ಮ ಮಾತು ಈ ಯಂತ್ರಕ್ಕಿನ್ನಾ ಗೊತ್ತಿಲ್ಲ. ಕಲಿಸಾಕರೆ ನಾ ಆ ಕ್ಲಾಸಿಗೆ ಹೋಗ್ತೀನಿ” ಎಂದಳು.

ಶಾಲೆಯಲ್ಲಿ ಎರಡನೇ ಇಯತ್ತೆ ದಾಟದವಳು ನಾನು. ನನ್ನ ಬಾಯಿಮಾತು ಎಂ.ಎ. ಓದುವ ಹುಡುಗಿಗೆ ಬೇಕಾಯಿತಲ್ಲ! ಮರುದಿನ ಅವಳು ಮನೆಯಿಂದ ಹೊರಟ ಮೇಲೆ ಓಣಿಯ ಹೆಂಗಸರನ್ನೆಲ್ಲ ಕರೆದು ಚಹಾ ಕುಡಿಸಿದೆ. ಏನು ವಿಶೇಷವೆಂದು ಕೇಳಿದವರಿಗೆ, “ನಮ್ಮ ಹುಡುಗಿ ಕ್ಲಾಸಿಗೆ ಹೋದಳು” ಎಂದೆ.