ನಾಡಪ್ರಭುವಿನ ಹೊಟ್ಟೆಯ ಕಿಂಡಿ

ಬೆಳಿಗ್ಗೆ ಎದ್ದು ಅಂಗಳ ತೊಳೆದೆ, ನೀರಿನ ಸಂಪು ತುಂಬಿಸಿದೆ, ದಂಟಿನ ಸೊಪ್ಪು ಸೋಸಿಟ್ಟೆ, ಅತ್ತೆಯ ಮಂಡಿಗೆ ಎಣ್ಣೆ ತಿಕ್ಕಿದೆ, ನಾಡಪ್ರಭುವಿನ ಮೀಸೆಗೆ ಕಪ್ಪು ಬಳಿದೆ.

ಯಲಹಂಕ ಒಂದು ಕಾಲಕ್ಕೆ ನಾಡಪ್ರಭುಗಳು ಆಳಿದ ಊರು. ಈಗ ಕೋಟೆ ಎಲ್ಲಿ ಎಂದು ಕೇಳಿಕೊಂಡು ಬಂದವರಿಗೆ ನಾವು ಕೋಟೆ ಬೀದಿಯ ಬೋರ್ಡು ತೋರಿಸುತ್ತೇವೆ. ನಮ್ಮ ಮನೆಯಲ್ಲಿ ಮಾತ್ರ ಪ್ರಭುಗಳು ಇನ್ನೂ ಇದ್ದಾರೆ, ಅಟ್ಟದ ಮೇಲೆ ಮಲಗಿಕೊಂಡು. ಬಿದಿರಿನ ಚೌಕಟ್ಟಿಗೆ ಬಟ್ಟೆ ತೊಡಿಸಿದ, ಬಾಗಿಲಿಗಿಂತ ಎತ್ತರದ ಗಾರುಡಿ ಗೊಂಬೆ. ಪಕ್ಕದಲ್ಲಿ ರಾಣಿ. ಹೊರುವವನು ಒಳಗೆ ನಿಂತು, ಗೊಂಬೆಯ ಹೊಟ್ಟೆಯಲ್ಲಿರುವ ಕಿಂಡಿಯಿಂದ ದಾರಿ ನೋಡಿಕೊಂಡು ಕುಣಿಯಬೇಕು. ಊರ ಮೆರವಣಿಗೆಯ ಮುಂದೆ ಮಾವನವರು ಇರುವ ತನಕ ಅವರೇ ಹೊತ್ತರು. ಈ ಸಲ ನಮ್ಮವರು ಅಪ್ಪನ ಜಾಗದಲ್ಲಿ ನಾನೇ ಎಂದು ಹಟ ಹಿಡಿದರು.

"ಸರಿಯಾಗಿ ನಡೆದ್ರೆ ಸರಿ ಕಣಪ್ಪಾ, ಇಲ್ದಿದ್ರೆ ಮುಂದಿನ ವರ್ಷದಿಂದ ಬ್ಯಾಂಡ್‌ಸೆಟ್ಟೇ," ಎಂದಿದ್ದರು ಮೆರವಣಿಗೆ ಸಮಿತಿಯ ಯಜಮಾನರು.

ಆರತಿ ಎತ್ತಿ, ಕಾಯಿ ಒಡೆದಾಯಿತು. ಅಲ್ಲಿಂದ ಗುಡಿ ಮುಟ್ಟುವವರೆಗೂ ಗೊಂಬೆ ಕೆಳಗಿಳಿಸುವಂತಿಲ್ಲ. ತಮಟೆ ಶುರುವಾಗುತ್ತಲೇ ದೊರೆಯ ಹೊಟ್ಟೆಯೊಳಗಿಂದ ನಮ್ಮವರ ದನಿ:

"ಏನೇ, ಕರೆಂಟ್ ಹೋಯ್ತಾ?"

ನೋಡಿದರೆ ಕಿಂಡಿಯೇ ಇಲ್ಲ! ಹೊಸ ಜರಿ ಅಂಗಿಯ ಮುಂಭಾಗಕ್ಕೆ ಒತ್ತೊತ್ತಾಗಿ ಹೊಲಿಗೆ ಬಿದ್ದಿತ್ತು.

"ನಾನೇ ಒಲ್ದೆ," ಎಂದರು ಅತ್ತೆ. "ಅಷ್ಟು ದೊಡ್ಡ ದೊರೆ, ಒಟ್ಟೆ ಬಿಟ್ಕಂಡು ಓಡಾಡ್ತಾನಾ?"

ಕತ್ತರಿ ತಂದೆ. "ಪೂಜೆ ಆಗಿರೋ ಬಟ್ಟೆ! ಮುಟ್ಟೀಯಾ!" ಎಂದು ಅತ್ತೆ ಅಡ್ಡ ನಿಂತರು.

ರಾಣಿಯ ಒಳಗಿದ್ದದ್ದು ಎದುರು ಬೀದಿಯ ವೆಲ್ಡಿಂಗ್ ಅಂಗಡಿಯ ಸಾಬರು, ನಮ್ಮವರ ಬಾಲ್ಯದ ಗೆಳೆಯ. "ಅತ್ತಿಗೆ, ನನ್ ಸೆರಗಿಗೆ ಅವನ ಶಲ್ಯ ಗಂಟು ಹಾಕಿ. ನಾನ್ ಎಳ್ಕೊಂಡ್ ಹೋಗ್ತೀನಿ," ಎಂದರು.

ಮದುವೆಮನೆಯಲ್ಲಿ ಹಾಕುವ ಹಾಗೆಯೇ ಗಂಟು ಹಾಕಿದೆ. ರಾಣಿ ಮುಂದೆ, ದೊರೆ ಹಿಂದೆ. ದೊರೆ ಎಳನೀರಿನ ಗಾಡಿಗೆ ಡಿಕ್ಕಿ ಹೊಡೆಯುವಷ್ಟರಲ್ಲಿ ರಾಣಿ ಗಕ್ಕನೆ ಜಗ್ಗಿದಳು. ದೊರೆ ಗಿರ್ರನೆ ಒಂದು ಸುತ್ತು ತಿರುಗಿ ತಗ್ಗಿ ನಿಂತ. ಬೀದಿಗೆ ಬೀದಿಯೇ ಶಿಳ್ಳೆ.

"ಏನ್ ಗುರು, ಅರಮನೇಲೂ ಇದೇ ಪಾಡಾ?" ಎಂದು ಯಾರೋ ಕೂಗಿದರೆ, ಪಕ್ಕದಲ್ಲೇ ನಿಂತಿದ್ದ ಹೆಂಗಸು, "ಇನ್ನೂ ಎಳಿಯಮ್ಮಾ!" ಎಂದಳು.

ಗುಡಿಯ ಮುಂದೆ ಗೊಂಬೆ ಇಳಿಸಿದಾಗ ನಮ್ಮವರ ಮುಖದಲ್ಲಿ ಬೆವರು, ಅಳು ಎರಡೂ ಕಲೆತಿದ್ದವು. ಯಜಮಾನರು ಬಂದು ಬೆನ್ನು ತಟ್ಟಿದರು. "ಬ್ಯಾಂಡ್‌ಸೆಟ್ ಬೇಡ. ಮುಂದಿನ ವರ್ಷಾನೂ ಇದೇ ಕುಣಿತ. ಆದ್ರೆ ರಾಣೀನೇ ಮುಂದೆ ಇರ್ಬೇಕು."

"ಅಪ್ಪ ಮುಂದೆ ಹೋಗ್ತಿದ್ರು," ಎಂದು ಇವರು ಗೊಣಗಿದರು.

"ಲೋ, ಮುಂದೆ ಹೋಗಿ ನಾನೇನ್ ಮಹಾ ನೋಡ್ದೆ? ಬಂದೋಬಸ್ತಿನ ಪೊಲೀಸಿನವರ ಬೆನ್ನು," ಎಂದರು ಸಾಬರು.

ರಾತ್ರಿ ಮುದ್ದೆ, ಹುರುಳಿಕಾಳಿನ ಸಾರು. ಸಾಬರ ಮನೆಯಿಂದ ಶಾವಿಗೆ ಪಾಯಸ ಬಂತು. ಇವರು ಬೇಡವೆಂದು ಮುಖ ತಿರುಗಿಸಿ, ಆಮೇಲೆ ಎರಡು ಲೋಟ ಕುಡಿದರು. ಮೊದಲು ನಿದ್ದೆಹೋದವರು ಅತ್ತೆ, ತಾವು ಏನೂ ಮಾಡದವರ ಹಾಗೆ.