ಸಮುದ್ರವನ್ನು ಬಲಗಿವಿಗಿಟ್ಟು ನಡೆದ ಅಕ್ಕ

ಆ ದಿನ ಪೈನ್ ತೋಪಿನಲ್ಲಿ ನಾನು ಕೆಮ್ಮಿದೆನೋ ಇಲ್ಲವೋ, ಇವತ್ತಿಗೂ ಖಚಿತವಿಲ್ಲ. ಕೆಮ್ಮಿದ್ದರೂ ಅದು ತಾನಾಗಿ ಬಂದದ್ದೋ, ಬೇಕೆಂದೇ ಕೆಮ್ಮಿದ್ದೋ ಹೇಳಲಾರೆ. ಸ್ಪಷ್ಟವಾಗಿ ಉಳಿದಿರುವುದು ಅಕ್ಕ ಕುಳಿತ ರೀತಿ ಮಾತ್ರ. ಕಣ್ಣಿಗೆ ಹಸಿರು ಸ್ಕಾರ್ಫ್, ಬರಿಗಾಲು, ಒಣಗಿದ ಪೈನ್ ಎಲೆಗಳ ಮೇಲೆ ಕುಕ್ಕರುಗಾಲು. ಬಿದ್ದ ಸೂಜಿಯನ್ನು ಹುಡುಕುವವರ ಹಾಗೆ ಅವರು ತಲೆಯನ್ನು ನೆಲದತ್ತ ಬಗ್ಗಿಸಿದ್ದರು.

ಅಕ್ಕ ನನಗೆ ನೆಂಟರಲ್ಲ. ದೂರದ ಚಳಿದೇಶದ ಈ ಲುಂಡ್ ಪಟ್ಟಣದಲ್ಲಿ ನಾನು ಸಂಶೋಧನೆಗೆಂದು ಬಂದು ಇಳಿದ ಕಟ್ಟಡದ ಮೇಲ್ಮನೆಯಲ್ಲಿದ್ದರು. ಮಲ್ಪೆ ಕಡೆಯವರು, ಮದುವೆಯಾಗಿ ಬೆಂಗಳೂರಿಗೆ, ಭಾವನ ಕೆಲಸದ ಜತೆ ಇಲ್ಲಿಗೆ. ದಾಗಿಸ್‌ನಲ್ಲಿ, ಅಂದರೆ ಇಲ್ಲಿನ ಶಿಶುವಿಹಾರದಲ್ಲಿ, ಟೀಚರ್ ಆಗಿದ್ದರು. ಕನ್ನಡದವರು ಸೇರಿದ ಕಡೆ ಎಚ್ಚರದಿಂದ ‘ಇದೆ’, ‘ಹೋಗೋಣ’ ಎನ್ನುತ್ತಿದ್ದವರು ಮನೆಯೊಳಗೆ ಕಾಲಿಟ್ಟೊಡನೆ ‘ಉಂಟು’, ‘ಹೋಗುವ’ಕ್ಕೆ ಮರಳುತ್ತಿದ್ದರು. ನಾನು ಯಾವ ಮಾತಿಗೂ ‘ಅದು ಹೇಗೆ ಗೊತ್ತು?’ ಎನ್ನುವವನು. ಅನ್ನ ಬಡಿಸುತ್ತ ಅವರು, “ತಗೋ, ಬೆಂದಾಯ್ತು. ಪ್ರೂಫ್ ಬೇಕಾದ್ರೆ ಒಂದಗುಳು ಹಿಸುಕಿ ನೋಡು” ಎಂದು ಕಿಚಾಯಿಸುತ್ತಿದ್ದರು.

ಅವರ ದೃಷ್ಟಿ ಅಂಚಿನಿಂದ ಒಳಕ್ಕೆ ಮುಚ್ಚಿಕೊಳ್ಳುತ್ತಿತ್ತು. ಎದುರಿಗಿಟ್ಟ ಲೋಟ ಕಾಣುತ್ತಿತ್ತು, ಅದರ ಪಕ್ಕದ ತಟ್ಟೆ ಕಾಣುತ್ತಿರಲಿಲ್ಲ. ಪಕ್ಕದಿಂದ ಓಡಿ ಬಂದ ಮಗುವನ್ನು ಎಡವಿದ ದಿನ ತಾವಾಗಿಯೇ ಕೆಲಸ ಬಿಟ್ಟರು. ಪೂರ್ತಿ ಕತ್ತಲಾಗುವುದು ಖಂಡಿತ, ಯಾವಾಗ ಎಂಬುದಷ್ಟೇ ಗೊತ್ತಿಲ್ಲ ಎಂದಿದ್ದರು ಡಾಕ್ಟರು. ಭಾವ ಬೆಂಗಳೂರಿಗೆ ವಾಪಸು ಹೋಗುವ ಮಾತೆತ್ತಿದರು.

“ಅಲ್ಲಾದ್ರೆ ನೋಡ್ಕೊಳ್ಳೋಕೆ ನಾಲ್ಕು ಜನ ಇರ್ತಾರೆ ಕಣೇ.”

“ಹೌದು, ನಾಲ್ಕೂ ಜನ ಕೈ ಹಿಡಿದು ಬಾತ್‌ರೂಮಿಗೆ ಬಿಡ್ತಾರೆ. ಇಲ್ಲಿ ಫುಟ್‌ಪಾತ್ ಉಂಟು, ಬಸ್ಸು ತಾನೇ ಸ್ಟಾಪ್ ಹೆಸರು ಹೇಳ್ತದೆ. ಕುರುಡಿ ಆಗ್ಲಿಕ್ಕೆ ಇದಕ್ಕಿಂತ ಒಳ್ಳೆ ಊರು ಎಲ್ಲುಂಟು?”

ಅಕ್ಕನೇ ಷರತ್ತು ಹಾಕಿದರು. ಪೂರ್ವ ಕರಾವಳಿಯಲ್ಲಿ ಅವರಿಗೆ ಪ್ರಿಯವಾದ ಎರಡು ಬೀಚುಗಳಿದ್ದವು, ಲುಂಡ್‌ನಿಂದ ಕಾರಿನಲ್ಲಿ ಸುಮಾರು ಒಂದು ಗಂಟೆ. ಬೆಳ್ಳಗಿನ ಮರಳು, ದಂಡೆಗೆ ಬಾಗಿದ ಪೈನ್ ಮರಗಳು, ಒಂದು ಅಂಗಡಿಯೂ ಇಲ್ಲ. ನನ್ನ ಸಹೋದ್ಯೋಗಿಗಳು ಇಂಥದ್ದಕ್ಕೇ ಪ್ರತಿ ವರ್ಷ ವಿಮಾನ ಹತ್ತಿ ಮೆಡಿಟರೇನಿಯನ್‌ಗೆ ಹೋಗುತ್ತಾರೆ. ಎರಡರ ನಡುವಿನ ದಾರಿ ಸಲೀಸು, ಹತ್ತಿ ಇಳಿಯುವುದಿಲ್ಲ. ಆ ದಾರಿಯನ್ನು ಕಣ್ಣು ಕಟ್ಟಿಕೊಂಡು ಒಬ್ಬರೇ ನಡೆದರೆ ಇಲ್ಲೇ ಇರುವುದು, ಆಗದಿದ್ದರೆ ಬೆಂಗಳೂರು. ಹಿಂದೆ ನಡೆಯುವ ಸಾಕ್ಷಿ ನಾನು.

“ನೋಡಪ್ಪ, ಬಿದ್ರೆ ಮಾತ್ರ ಮುಟ್ಟು. ಬೇರೆ ಹೆಲ್ಪ್ ಮಾಡಿದ್ರೆ ಕ್ಯಾನ್ಸಲ್,” ಎಂದರು ಭಾವ. ಮರುಕ್ಷಣವೇ ಮನಸ್ಸು ತಡೆಯದೆ, “ದಾಗಿಸ್ ಮಕ್ಕಳು ಸಾಲಾಗಿ ಹೋಗೋವಾಗ ಹಿಡ್ಕೊಳ್ತಾರಲ್ಲ, ಆ ಹಗ್ಗ ಆದ್ರೂ ತರ್ಲೇನೇ?” ಎಂದರು.

“ನೀವೇ ಹಿಡ್ಕೊಳ್ಳಿ, ಕಾರಿನವರೆಗೆ ದಾರಿ ತಪ್ಪದಿರ್ಲಿ,” ಎಂದರು ಅಕ್ಕ.

ಭಾವ ನಮ್ಮಿಬ್ಬರನ್ನು ಈಚೆ ಬೀಚಿನಲ್ಲಿ ಇಳಿಸಿ, ಫ್ಲಾಸ್ಕು, ಚಿತ್ರಾನ್ನದ ಡಬ್ಬಿಯೊಂದಿಗೆ ಆಚೆ ಬೀಚಿಗೆ ಹೋದರು. ಅಂದು ಮೋಡ ಮುಚ್ಚಿತ್ತು ಎನ್ನುತ್ತಾರೆ ಅವರು. ನನ್ನ ನೆನಪಿನಲ್ಲಿ ಬಿಸಿಲಿದೆ. ಗಾಳಿ ಜೋರಾಗಿತ್ತು ಎಂಬುದರಲ್ಲಿ ಮಾತ್ರ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ಅಂಥ ದಿನಕ್ಕೆಂದೇ ಅಕ್ಕ ವಾರಗಟ್ಟಲೆ ಕಾದಿದ್ದರು. ಈ ಸಮುದ್ರ ಗಾಳಿಯಿಲ್ಲದಿದ್ದರೆ ಕೆರೆಯ ಹಾಗೆ ಬಾಯಿ ಮುಚ್ಚಿಕೊಂಡಿರುತ್ತದೆ.

ನೀರಿಗೆ ಕಾಲಿಡುವ ಮೊದಲು ಅಕ್ಕ ಬಗ್ಗಿ ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡರು. ಬೆರಳು ನಾಲಿಗೆಗೆ ತಾಗಿಸಿ ನಕ್ಕರು. “ಉಪ್ಪೇ ಇಲ್ಲ ಮಾರಾಯ! ರುಚಿ ನೋಡದೆ ಇಳಿಸಿದ ಸಾರಿನ ಹಾಗೆ.” ಆಮೇಲೆ ಸ್ಕಾರ್ಫ್ ಕಟ್ಟಿಕೊಂಡು ಉತ್ತರಕ್ಕೆ ತಿರುಗಿದರು. “ಬಲಗಿವಿಯಲ್ಲಿ ಸಮುದ್ರ ಇದ್ರೆ ಸಾಕು. ನೀನು ಸುಮ್ಮನೆ ಬಾ.”

ಅವರು ನಡೆದದ್ದನ್ನು ಹೇಗೆ ಹೇಳಲಿ? ತಡವರಿಸುತ್ತಾರೆ, ಕೈ ಚಾಚುತ್ತಾರೆ ಎಂದುಕೊಂಡಿದ್ದೆ. ಅಕ್ಕ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಊರಿನ ತೋಟ ಸುತ್ತುವ ಯಜಮಾನರ ಹಾಗೆ ನಡೆದರು. ಅಲೆ ಕಾಲಿಗೆ ತಾಗಿದರೆ ಎಡಕ್ಕೆ ಸರಿದರು, ಮರಳು ಸಡಿಲವಾದರೆ ಬಲಕ್ಕೆ. ಇಡೀ ದಂಡೆ, ಅಷ್ಟೂ ಬೆಳಕು, ಅವರಿಗಾಗಿಯೇ ಸದ್ದು ಮಾಡುತ್ತಿರುವಂತೆ ಕಂಡಿತು. ನಾನು ಉಸಿರನ್ನೂ ಮೆಲ್ಲಗೆ ಬಿಡುತ್ತಿದ್ದೆ. ದೇವಸ್ಥಾನಗಳಲ್ಲಿ ನನಗೆ ಎಂದೂ ಹಾಗಾಗಿಲ್ಲ.

ಕಲ್ಲುಬಂಡೆಗಳು ನೀರಿಗೆ ಚಾಚಿಕೊಂಡಲ್ಲಿ ದಾರಿ ಪೈನ್ ತೋಪಿನೊಳಕ್ಕೆ ಹೊಕ್ಕು ಕವಲೊಡೆಯುತ್ತದೆ. ಎಡಗವಲು ಒಳನಾಡಿನ ರಸ್ತೆಗೆ, ಬಲಗವಲು ಮುಂದಿನ ಬೀಚಿಗೆ. ಗಾಳಿಗೆ ಪೈನ್ ಮರಗಳು ಮೊರೆಯುವ ಸದ್ದು ಅಲೆಯ ಸದ್ದಿನಂತೆಯೇ ಇರುತ್ತದೆ, ಅದೂ ಸುತ್ತಲೂ. ಅಕ್ಕ ನಿಂತರು. ತಲೆಯನ್ನು ಅತ್ತ ಇತ್ತ ತಿರುಗಿಸಿದರು. ಎಡಗವಲಿಗೆ ಒಂದೆರಡು ಹೆಜ್ಜೆ ಇಟ್ಟೂ ಬಿಟ್ಟರು.

ಇಲ್ಲಿಯೇ ನಾನು ಕೆಮ್ಮಿದ್ದು, ಅಥವಾ ಕೆಮ್ಮದೆ ಇದ್ದದ್ದು.

ಆಮೇಲೆ ಅವರು ಕುಕ್ಕರುಗಾಲಲ್ಲಿ ಕುಳಿತರು. ಎಷ್ಟು ಹೊತ್ತೋ. ಎದ್ದು ಹಿಂದಿರುಗಿ ಬಲಗವಲು ಹಿಡಿದರು. ಎಲ್ಲಿಯೂ ನಿಲ್ಲದೆ ಮರಗಳಾಚೆ ಬಿಳಿ ಮರಳಿಗಿಳಿದರು. ಅಲ್ಲಿ ಕಾಯುತ್ತಿದ್ದ ಭಾವ ಫ್ಲಾಸ್ಕು ಹಿಡಿದೇ ಎದ್ದು ನಿಂತಿದ್ದರು. ಹೆಂಡತಿಯನ್ನು ಕರೆಯಲಿಲ್ಲ, ನನ್ನನ್ನೇ ನೋಡಿದರು.

“ಒಬ್ಬಳೇನಾ?”

“ಹೌದು ಭಾವ, ಒಬ್ಬರೇ.”

ಭಾವ ಮುಖ ತಿರುಗಿಸಿ ಬಹಳ ಹೊತ್ತು ಕಾಫಿ ಬಗ್ಗಿಸಿದರು, ಕಪ್ಪು ತುಂಬಿ ಹರಿದರೂ.

ಕವಲಿನಲ್ಲಿ ಹೇಗೆ ಗೊತ್ತಾಯಿತೆಂದು ಕೇಳಿದೆ. “ಮರದ್ದು ಮೇಲಿಂದ ಬರ್ತದೆ, ಸಮುದ್ರದ್ದು ನೆಲದಿಂದ. ಬಗ್ಗಿದ್ರೆ ಬೇರೆ ಬೇರೆ ಆಗ್ತದೆ,” ಎಂದರು ಅಕ್ಕ, ಚಿತ್ರಾನ್ನದಲ್ಲಿ ಕಡಲೆಬೇಳೆ ಹುಡುಕುತ್ತ. ನಾನು ನಂಬಲಿಲ್ಲ. ನನ್ನ ಕೆಮ್ಮು ಕೇಳಿಸಿದ್ದನ್ನು ಭಾವನ ಮುಂದೆ ಮುಚ್ಚಿಡಲು ಹೇಳಿದ ಚಂದದ ಮಾತು ಎಂದುಕೊಂಡೆ. ವರ್ಷಗಳುರುಳಿದ ಹಾಗೆ, ಆ ಮಾತನ್ನು ಅವರು ಹೇಳಿದರೋ ನಾನೇ ಕಟ್ಟಿಕೊಂಡೆನೋ ಎಂಬ ಅನುಮಾನವೂ ಸೇರಿಕೊಂಡಿತು.

ಅವರು ಇಲ್ಲಿಯೇ ಉಳಿದರು. ಕಣ್ಣು ಪೂರ್ತಿ ಹೋದ ಮೇಲೂ ಬಿಳಿ ಕೋಲು ಹಿಡಿದು ಬಸ್ಸಿನಲ್ಲಿ ಓಡಾಡಿದರು, ಗಾಳಿಯಿದ್ದ ದಿನ ಆ ದಾರಿಯಲ್ಲಿ ನಡೆದರು, ನನ್ನ ಅನುಮಾನಗಳನ್ನು ಆಡಿಕೊಂಡು ನಕ್ಕರು. ಕಳೆದ ಚಳಿಗಾಲದಲ್ಲಿ, ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬ. ನಾನು ಸಾಕ್ಷಿ ಹೇಳಿದ್ದು ನಿಜವೇ ಎಂದು ಕೇಳಿ ತಿಳಿಯಲು ಇನ್ನು ಅಕ್ಕ ಇರಲಿಲ್ಲ.

ವಸಂತದಲ್ಲಿ ಮೂಡಣ ಗಾಳಿ ಎದ್ದ ದಿನ ಒಬ್ಬನೇ ಆ ತೋಪಿಗೆ ಹೋದೆ. ಕವಲಿನಲ್ಲಿ ಕಣ್ಣು ಕಟ್ಟಿಕೊಂಡು, ದಿಕ್ಕು ಮರೆಯುವವರೆಗೆ ಸುತ್ತು ತಿರುಗಿದೆ. ನಿಂತಾಗ ಎಲ್ಲ ಕಡೆಯಿಂದಲೂ ಒಂದೇ ಮೊರೆತ. ಕುಕ್ಕರುಗಾಲಲ್ಲಿ ಕುಳಿತು ತಲೆ ಬಗ್ಗಿಸಿದೆ. ಮರಗಳು ಮೇಲೆಯೇ ಉಳಿದವು. ಸಮುದ್ರ ಬೇರೆಯಾಗಿ, ನೆಲದಗುಂಟ, ಒಂದೇ ಕಡೆಯಿಂದ ಕೇಳಿಸಿತು. ಅತ್ತ ಕೈ ಚಾಚಿ ಸ್ಕಾರ್ಫ್ ಬಿಚ್ಚಿದೆ. ಬೆರಳು ಬಲಗವಲನ್ನು ತೋರಿಸುತ್ತಿತ್ತು.