ಬಾಯಿಕುಕ್ಕೆ ಬಿಚ್ಚಿದ ಆಯ್ತಣ್ಣ

ನಮ್ಮ ಯಜಮಾನರನ್ನು ಕುದುರೆ ಲಾಯದಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಆಯ್ತಣ್ಣ ಅಂತ. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಮಾತ್ರ ಯಾರಿಗಾದರೂ ನೆನಪಾಗುತ್ತಿತ್ತು. ಯಾರು ಏನು ಹೇಳಿದರೂ ‘ಆಯ್ತು’ ಅನ್ನುವುದು ಇವರ ಚಾಳಿ. ರಜೆಯ ದಿನ ಲಾರಿ ತೆಗಿ ಅಂದರೆ ಆಯ್ತು. ಊಟಕ್ಕೆ ಕೂತವರನ್ನು ಎಬ್ಬಿಸಿ ಮ್ಯಾನೇಜರ್ ಕಾರಿನ ಟೈರು ಬದಲಾಯಿಸು ಅಂದರೆ ಅದಕ್ಕೂ ಆಯ್ತು. ನನ್ನ ತಮ್ಮ ಬಂದು, “ಭಾವ, ನಿಮ್ಮ ಹೊಸ ಚಪ್ಪಲಿ ಹಾಕ್ಕೊಂಡು ಹೋಗ್ತೀನಿ” ಅಂದಾಗಲೂ ಆಯ್ತು ಅಂದು, ಆಮೇಲೆ ತಾವು ಹಳೇ ಚಪ್ಪಲಿಗೆ ಪಿನ್ನು ಚುಚ್ಚಿಕೊಂಡು ಓಡಾಡಿದರು. ಇಂಥ ಗಂಡ ಸಿಕ್ಕಿದ್ದು ನನ್ನ ಪುಣ್ಯ ಅಂತ ಅಕ್ಕಪಕ್ಕದ ಹೆಂಗಸರಿಗೆ ಹೊಟ್ಟೆಕಿಚ್ಚು. ಅವರಿಗೇನು ಗೊತ್ತು! ನನಗೆ ಆಯ್ತು ಅಂದವರು, ನಾನು ಯಾರ ಮೇಲೆ ದೂರು ಹೇಳಿದೆನೋ ಅವರಿಗೂ ಆಯ್ತು ಅಂದು ಬಂದಿರುತ್ತಿದ್ದರು.

ಇವರ ಕೆಲಸ ಕುದುರೆ ಲಾರಿ ಓಡಿಸುವುದು. ಓಟದ ಕುದುರೆಗಳನ್ನು ಊರಿಂದ ಊರಿಗೆ ಸಾಗಿಸುವ ಲಾರಿ ಅದು. ಒಳಗಿನ ಗೋಡೆಗೆಲ್ಲ ರಬ್ಬರು, ನೆಲಕ್ಕೆ ಮರದ ಹೊಟ್ಟು, ಡ್ರೈವರ್ ಸೀಟಿನ ಹಿಂದೆ ಕುದುರೆಯ ಮುಖ ಕಾಣುವಂಥ ಒಂದು ಸಣ್ಣ ಕಿಟಕಿ. ಇವರು ಬ್ರೇಕು ಒತ್ತಿದ್ದು ಒಳಗಿದ್ದ ಕುದುರೆಗೆ ಗೊತ್ತೇ ಆಗುತ್ತಿರಲಿಲ್ಲ. ನಾನು ಅದೇ ಲಾಯಕ್ಕೆ ಕುದುರೆ ಕಂಬಳಿ, ಜೀನಿನ ಕೆಳಗೆ ಹಾಸುವ ಬಟ್ಟೆ ಹೊಲಿದುಕೊಡುತ್ತಿದ್ದೆ. ಲಾರಿ ಶೆಡ್ಡಿನ ಮೇಲಿದ್ದ ಎರಡು ಕೋಣೆಯೇ ನಮ್ಮ ಮನೆ. ಇವರ ಕೆಲಸ ಹೋದರೆ ಮನೆಯೂ ಹೋಗುತ್ತದೆ, ನನ್ನ ಹೊಲಿಗೆಯೂ ಹೋಗುತ್ತದೆ. ಹಾಗಾಗಿ ಇವರ ಆಯ್ತು ಅನ್ನುವ ಚಾಳಿಗೆ ದಿನಾ ಬೈಯುತ್ತಿದ್ದೆನಾದರೂ, ಉಣ್ಣುತ್ತಿದ್ದದ್ದು ಅದರ ಅನ್ನವನ್ನೇ.

ಆ ಲಾಯದಲ್ಲಿ ಚಿನಕುರಳಿ ಅಂತ ಒಂದು ಕಂದು ಬಣ್ಣದ ಹೆಣ್ಣು ಕುದುರೆ ಇತ್ತು. ಹಿಂದಿನ ವರ್ಷ ಅದರ ಹೊಟ್ಟೆಯಲ್ಲಿ ಹುಣ್ಣಾಗಿತ್ತು. ಜೀನಿನ ಪಟ್ಟಿ ಬಿಗಿಯಲು ಹೋದರೆ ಕಚ್ಚಲು ಬರುತ್ತಿತ್ತು, ಕಾಳು ಬಿಟ್ಟು ಗೋಡೆ ನೆಕ್ಕುತ್ತಿತ್ತು, ಮೈಯ ಹೊಳಪೆಲ್ಲ ಹೋಗಿತ್ತು. ಪೊಗರು ಅಂತ ಎಲ್ಲರೂ ಬೈದದ್ದೇ ಬೈದದ್ದು. ಕೊನೆಗೆ ಕುದುರೆಗಳ ಡಾಕ್ಟರಮ್ಮ ಬಂದು, ಮೂಗಿನಿಂದ ಉದ್ದನೆಯ ಕೊಳವೆ ಇಳಿಸಿ, ಹೊಟ್ಟೆಯ ಒಳಗನ್ನು ಪರದೆಯ ಮೇಲೆ ತೋರಿಸಿದರು. ಅಲ್ಲಲ್ಲಿ ಕೆಂಪಗೆ ಕಿತ್ತುಹೋದ ಗಾಯ.

“ಕುದುರೆ ತಿಂದ್ರೂ ಅಷ್ಟೇ, ತಿನ್ನದೆ ಇದ್ರೂ ಅಷ್ಟೇ. ಅದರ ಹೊಟ್ಟೇಲಿ ಹುಳಿ ಹಗಲೂ ರಾತ್ರಿ ಊರ್ತಾನೇ ಇರತ್ತೆ” ಅಂದರು ಡಾಕ್ಟರಮ್ಮ. “ಹುಲ್ಲು ಅಗಿಯೋವಾಗ ಬರೋ ಜೊಲ್ಲೇ ಅದನ್ನ ತಣಿಸ್ಬೇಕು. ಖಾಲಿ ಹೊಟ್ಟೇಲಿ ಓಡಿಸಿದ್ರೆ ಹುಳಿ ಮೇಲಕ್ಕೆ ಎರಚಿ ಸುಟ್ಟು ಹಾಕತ್ತೆ.”

ಒಂದಷ್ಟು ದಿನ ಪೇಸ್ಟಿನಂಥ ಔಷಧ ಕೊಟ್ಟು ಗಾಯ ಮಾಗಿಸಿದರು. ಮತ್ತೆ ಬರದ ಹಾಗೆ ದಿನಾ ಬೂಸಾದಲ್ಲಿ ಕಲಸಿ ಕೊಡಲು ಒಂದು ಬಿಳಿ ಪುಡಿ ತರಿಸಿಕೊಟ್ಟು, “ಈ ಪುಡಿ ಒಂದಿನಾನೂ ತಪ್ಪಬಾರ್ದು. ಹಾಗೇ ಇದರ ಮುಂದೆ ಹುಲ್ಲೂ ಯಾವತ್ತೂ ಖಾಲಿಯಾಗಬಾರ್ದು” ಅಂತ ಎಲ್ಲರೆದುರು ಹೇಳಿ ಹೋದರು. ಚಿನಕುರಳಿ ಮಹಾ ಕಿಲಾಡಿ. ತುಟಿಯಲ್ಲೇ ಜರಡಿ ಹಿಡಿದು ಬೂಸಾ ಮುಗಿಸಿ, ಪುಡಿಯನ್ನೆಲ್ಲ ಬಕೆಟ್ಟಿನ ತಳದಲ್ಲಿ ಉಳಿಸುತ್ತಿತ್ತು. ನಾನೇ ಸ್ವಲ್ಪ ಎಣ್ಣೆ ಚಿಮುಕಿಸಿ ಅಂಟುವಂತೆ ಕಲಸಿ ಅದರ ಕಳ್ಳಾಟ ನಿಲ್ಲಿಸಿದೆ. ತಿಂಗಳೊಪ್ಪತ್ತಿನಲ್ಲಿ ಅದರ ಮೈ ಮತ್ತೆ ಹೊಳೆಯತೊಡಗಿತು.

ಮ್ಯಾನೇಜರ್ ಮಾತ್ರ ಡಾಕ್ಟರಮ್ಮನ ಮಾತಿನಲ್ಲಿ ಮೊದಲರ್ಧವನ್ನಷ್ಟೇ ಕೇಳಿಸಿಕೊಂಡಿದ್ದರು. ಕೆಟ್ಟ ಮನುಷ್ಯ ಅಂತ ನಾನು ಹೇಳಲಾರೆ, ಹೆದರಿದ ಮನುಷ್ಯ. ಹಿಂದಿನ ಓಟದಲ್ಲಿ ಚಿನಕುರಳಿ ನಡುವೆ ಎಲ್ಲೋ ಬಂದಾಗ ಮಾಲೀಕರು ಹತ್ತು ಜನರೆದುರು, “ಏನ್ರೀ ಅದರ ಹೊಟ್ಟೆ, ನಿಮ್ಮದಕ್ಕಿಂತ ದೊಡ್ಡದಾಗಿದೆ” ಅಂದಿದ್ದರು. ಆವತ್ತಿನಿಂದ ಆ ಹೊಟ್ಟೆ ಇಳಿಸುವುದೊಂದೇ ಮ್ಯಾನೇಜರರ ಧ್ಯಾನ. ಪುಡಿ ದಿನಾ ಕೊಡುತ್ತಿದ್ದೇವೆ, ಆದ್ದರಿಂದ ಹುಣ್ಣು ಬರುವುದಿಲ್ಲ. ಹುಣ್ಣು ಬರುವುದಿಲ್ಲ, ಆದ್ದರಿಂದ ಓಟದ ಮುಂಚೆ ಹುಲ್ಲು ನಿಲ್ಲಿಸಬಹುದು. ಹೀಗೆ ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ದೂರದ ಊರಲ್ಲಿ ಓಟವಿತ್ತು. ಹಿಂದಿನ ದಿನ ಬೆಳಿಗ್ಗೆ ಚಿನಕುರಳಿಗೆ ಪುಡಿ ಕಲಸಿದ ಒಂದು ಹಿಡಿ ಬೂಸಾ ನೆಕ್ಕಿಸಿ, ಮೂತಿಗೆ ಬಾಯಿಕುಕ್ಕೆ ಕಟ್ಟಿಸಿದರು. ಪಟ್ಟಿಯಲ್ಲಿ ಹೆಣೆದ ಬುಟ್ಟಿಯಂಥದ್ದು. ಉಸಿರಾಡಬಹುದು, ನೀರು ಹೀರಬಹುದು, ಹುಲ್ಲು ಮಾತ್ರ ಹಲ್ಲಿಗೆ ಸಿಗುವುದಿಲ್ಲ. ಲಾರಿಯೊಳಗೆ ಯಾವಾಗಲೂ ತೂಗುತ್ತಿದ್ದ ಹುಲ್ಲಿನ ಬಲೆಯನ್ನೂ ಇಳಿಸಿಬಿಟ್ಟರು.

“ಅಲ್ಲಿಗೆ ಮುಟ್ಟೋವರೆಗೂ ಇದನ್ನ ಬಿಚ್ಚೋ ಹಾಗಿಲ್ಲ. ಗೊತ್ತಾಯ್ತಾ?”

“ಆಯ್ತು ಸಾರ್.”

ಮ್ಯಾನೇಜರ್ ಕಾರಿನಲ್ಲಿ ಮುಂದೆ ಹೋದರು. ಹೊಲಿದ ಕಂಬಳಿಗಳನ್ನು ಆ ಊರಿನ ಲಾಯಕ್ಕೆ ಒಪ್ಪಿಸಬೇಕಾಗಿದ್ದರಿಂದ ನಾನೂ ಲಾರಿ ಹತ್ತಿದೆ.

ಅರ್ಧ ದಾರಿ ಸಾಗಿದ್ದೆವು. ಮುಂದಿನ ಸೇತುವೆಯ ಮೇಲೆ ಟ್ಯಾಂಕರೊಂದು ಅಡ್ಡ ಮಗುಚಿ, ವಾಹನಗಳೆಲ್ಲ ಸಾಲುಗಟ್ಟಿ ನಿಂತಿದ್ದವು. ನಮ್ಮ ಹಿಂದೆಯೂ ನೋಡನೋಡುತ್ತ ಸಾಲು ಬೆಳೆಯಿತು. ಹಿಂದಕ್ಕೆ ಹೋಗುವಂತಿಲ್ಲ, ಮುಂದಕ್ಕೂ ಇಲ್ಲ. ಬಿಸಿಲು ನೆತ್ತಿಗೇರಿತು, ಅಲ್ಲಿಂದ ಇಳಿಯಲೂ ತೊಡಗಿತು. ಹಿಂದಿನ ಬಸ್ಸಿನವನಿಗೆ ಹಾರನ್ ಹೊಡೆದರೆ ಟ್ಯಾಂಕರ್ ತಾನಾಗಿ ಎದ್ದು ಹೋಗುತ್ತದೆ ಅನ್ನುವ ನಂಬಿಕೆ.

ಆ ಗಲಾಟೆಯ ನಡುವೆಯೇ ನನಗೆ ಆ ಸದ್ದು ಕೇಳಿಸಿದ್ದು. ಕರ್‍ ಕರ್‍ ಅಂತ ಹಲ್ಲು ಕಡಿಯುವ ಸದ್ದು. ಕಿಟಕಿಯಲ್ಲಿ ಇಣುಕಿದೆ. ಚಿನಕುರಳಿ ತಲೆ ತಗ್ಗಿಸಿತ್ತು. ಬಾಯಿಕುಕ್ಕೆಯಿಂದ ನೊರೆ ಇಳಿಯುತ್ತಿತ್ತು. ಕುತ್ತಿಗೆ ತಿರುಗಿಸಿ ತನ್ನ ಹೊಟ್ಟೆಯನ್ನೇ ನೋಡಿಕೊಳ್ಳುತ್ತಿತ್ತು, ಮುಂಗಾಲಲ್ಲಿ ನೆಲ ಕೆರೆಯುತ್ತಿತ್ತು. ಕತ್ತೆಲ್ಲ ಬೆವರು.

“ರೀ, ಇದಕ್ಕೆ ಹೊಟ್ಟೆನೋವು ಶುರುವಾಗಿದೆ.”

ಇವರು ಇಣುಕಿ ನೋಡಿದವರೇ ಮ್ಯಾನೇಜರಿಗೆ ಫೋನ್ ಹಚ್ಚಿದರು. ಆ ಕಡೆಯ ಮಾತು ನನಗೂ ಕೇಳುತ್ತಿತ್ತು. “ಬೆಳಿಗ್ಗೆ ಪುಡಿ ಕೊಟ್ಟಿದೆಯಲ್ಲಪ್ಪ, ಏನೂ ಆಗಲ್ಲ. ಬೇಕಾದ್ರೆ ಇನ್ನೊಂದು ಸಲ ಪುಡಿ ಕೊಡು, ನೀರಲ್ಲಿ ಕಲಸಿ. ಬಾಯಿಕುಕ್ಕೆ ಮಾತ್ರ ಬಿಚ್ಚಬೇಡ.”

“ಆಯ್ತು ಸಾರ್” ಅಂದರು ಇವರು. ನನಗೆ ಮೈಯೆಲ್ಲ ಉರಿದುಹೋಯಿತು.

ಪುಡಿಯನ್ನು ಬಾಟಲಿಯಲ್ಲಿ ಕದಡಿ, ಒಳಗೆ ಹೋಗಿ, ಬಾಯಿಕುಕ್ಕೆಯ ಸಂದಿನಿಂದ ಸುರಿಯಲು ನೋಡಿದರು. ಚಿನಕುರಳಿ ತಲೆ ಒದರಿತು. ಬಾಟಲಿ ಗೋಡೆಗೆ ಬಡಿಯಿತು, ಪುಡಿನೀರು ಪೂರಾ ಇವರ ಅಂಗಿಯ ಮೇಲೆ. ಮರುಕ್ಷಣ ಅದು ಹಿಂಗಾಲು ಎತ್ತಿ ಒದೆಯಿತು. ಇವರ ಮಂಡಿಯ ಪಕ್ಕದ ಹಲಗೆ ಟಪ್ಪೆಂದು ಸೀಳಿತು.

“ಯಾಕ್ರೀ, ಆ ಮನುಷ್ಯ ಲಾರೀನ ಹೊಳೆಗೆ ಇಳಿಸು ಅಂದ್ರೂ ಆಯ್ತು ಅಂತೀರಾ?” ಅಂತ ನಾನು ಕಿರುಚಿದೆ. “ಡಾಕ್ಟರಮ್ಮಂಗೆ ಫೋನ್ ಮಾಡಿ!”

ಮಾಡಿದರು. ಡಾಕ್ಟರಮ್ಮ ಗಾಬರಿ ಪಡಲಿಲ್ಲ. “ಅದರ ಹೊಟ್ಟೆಗೆ ಕಿವಿ ಇಟ್ಟು ಕೇಳಿ. ಎರಡೂ ಪಕ್ಕ. ಗುಡುಗುಡು ಅಂತಿದೆಯಾ ಹೇಳಿ.”

ಈಗಷ್ಟೇ ಹಲಗೆ ಸೀಳಿದ ಕಾಲಿನ ಪಕ್ಕ ಇವರು ಬಾಗಿ ನಿಂತು, ಕುದುರೆಯ ಹೊಟ್ಟೆಗೆ ಕಿವಿ ಒತ್ತಿ ಹಿಡಿದರು. ಹಿಂದಿನ ಬಸ್ಸು ಮತ್ತೆ ಹಾರನ್ ಹೊಡೆಯಿತು. ಚಿನಕುರಳಿಯ ಚರ್ಮ ಅದುರಿತು. ಇವರು ಮೆಲ್ಲಗೆ ಬಳಸಿಕೊಂಡು ಆಚೆ ಪಕ್ಕಕ್ಕೂ ಹೋಗಿ ಕಿವಿಯಿಟ್ಟರು.

“ಕೇಳ್ತಿದೆ ಮೇಡಂ, ಎರಡೂ ಕಡೆ.”

“ಹಾಗಾದ್ರೆ ಕರುಳು ತಿರುಚಿಕೊಂಡಿಲ್ಲ ಅನ್ಸತ್ತೆ. ಬಾಯಿಕುಕ್ಕೆ ಬಿಚ್ಚಿ. ಹಸಿ ಹುಲ್ಲು ಸ್ವಲ್ಪ ಸ್ವಲ್ಪಾನೇ ಕೊಡಿ, ನೀರು ಕೊಡಿ. ಮಲಗೋಕೆ ಮಾತ್ರ ಬಿಡಬೇಡಿ.”

“ಹುಲ್ಲು ಕೊಟ್ಟು ನೋವು ಜಾಸ್ತಿಯಾದ್ರೆ?”

“ಆದ್ರೆ ನನ್ನ ಅಂದಾಜು ತಪ್ಪು ಅಂತ. ನೋಡದೆ ಇಷ್ಟೇ ಹೇಳೋಕಾಗೋದು. ನಾಳೆ ಬೆಳಿಗ್ಗೆ ಅಲ್ಲಿಗೇ ಬರ್ತೀನಿ.”

ಫೋನ್ ಇಟ್ಟ ಕೂಡಲೇ ಮ್ಯಾನೇಜರದೇ ಕರೆ ಬಂತು. ಇವರು ನಡೆದದ್ದನ್ನೆಲ್ಲ ಹೇಳಿದರು. “ಓಟ ಮುಗಿಸಿದ ಮೇಲೆ ಬೇಕಾದಷ್ಟು ಮೇಯಿಸೋಣ. ಈಗ ಬಿಚ್ಚಿದ್ರೆ ನೀನು ನಮ್ಮಲ್ಲಿ ಕೆಲ್ಸಕ್ಕಿಲ್ಲ ಅಂತ ತಿಳ್ಕೋ” ಅಂದರು ಅವರು.

ಇವರು ಕಿಟಕಿಯಲ್ಲಿ ಇಣುಕಿದರು. ಒಳಗೆ ಚಿನಕುರಳಿ ಮುಂಗಾಲು ಮಡಚುತ್ತಿತ್ತು. ಆ ಇಕ್ಕಟ್ಟಿನಲ್ಲಿ ಒಮ್ಮೆ ಮಲಗಿ ಕಾಲು ಸಿಕ್ಕಿಸಿಕೊಂಡರೆ ಮುರಿದುಕೊಳ್ಳುವುದು ಖಂಡಿತ.

“ಆಗಲ್ಲ ಸಾರ್” ಅಂದರು. ಎಷ್ಟು ಮೆಲ್ಲಗೆ ಅಂದರೆ ಮ್ಯಾನೇಜರಿಗೆ ಕೇಳಿಸಿತೋ ಇಲ್ಲವೋ. ಫೋನನ್ನು ನನ್ನ ಕೈಗೆ ತುರುಕಿ, ಒಳಗೆ ನುಗ್ಗಿ, ಹಗ್ಗ ಜಗ್ಗಿ ಕುದುರೆಯ ತಲೆ ಮೇಲೆತ್ತಿ, ಬಾಯಿಕುಕ್ಕೆಯ ಬಕಲ್ ಬಿಚ್ಚಿದರು.

ಬಿಚ್ಚಿದ್ದೇನೋ ಆಯಿತು, ಹುಲ್ಲೆಲ್ಲಿ? ರಸ್ತೆಯ ಕೆಳಗೆ ಕಾಲುವೆ ಏರಿಯ ಮೇಲೆ ಹಸಿರು ಕಂಡಿತು. ನಾನು ಬಟ್ಟೆ ಕತ್ತರಿಸುವ ಕತ್ತರಿ ಹಿಡಿದು ಇಳಿದೆ. ಎಂಥ ಕತ್ತರಿ ಗೊತ್ತೇ, ದಾರ ಕತ್ತರಿಸಲು ಕೇಳಿದರೂ ನಾನು ಯಾರಿಗೂ ಕೊಟ್ಟವಳಲ್ಲ. ಅದರಲ್ಲಿ ಕೆಸರು ಹುಲ್ಲು ಕೊಯ್ದೆ. ಬಸ್ಸಿನವನು ಕಿಟಕಿಯಿಂದ ತಲೆ ಹಾಕಿ, “ಏನಮ್ಮ, ರೋಡ್ ಸೈಡಲ್ಲಿ ಕಟಿಂಗ್ ಶಾಪಾ?” ಅಂದ. “ಇಳಿದು ಬಾ, ಮುಂದಿನ ಪಾಳಿ ನಿಂದೇ” ಅಂದೆ. ಆಸಾಮಿ ಇಳಿದು ಬಂದ, ಎರಡು ತೋಳು ತುಂಬ ಕಿತ್ತೂ ಕೊಟ್ಟ.

ಮೊದಲ ಹಿಡಿಯನ್ನು ಚಿನಕುರಳಿ ಮೂಸಿ ಬಿಟ್ಟಿತು. ಎರಡನೆಯದನ್ನೂ ಬಿಟ್ಟಿತು. ತಪ್ಪು ಮಾಡಿದೆವೇನೋ ಅಂತ ನನಗೆ ಅನ್ನಿಸತೊಡಗಿತು. ಇವರು ಒಂದೊಂದೇ ಎಸಳು ಅದರ ತುಟಿಗೆ ತಾಗಿಸುತ್ತ, “ತಿನ್ನೇ ನನ್ನವ್ವ, ತಿನ್ನೇ” ಅಂತ ಗೋಗರೆದರು. ಎಷ್ಟೋ ಹೊತ್ತಿನ ಮೇಲೆ ಒಂದು ಎಸಳು ಒಳಗೆ ಹೋಯಿತು. ಆಮೇಲೆ ಇನ್ನೊಂದು. ಹಲ್ಲು ಕಡಿಯುವ ಸದ್ದು ನಿಂತು ಅಗಿಯುವ ಸದ್ದು ಶುರುವಾದಾಗ ನಾನು ಲಾರಿಯ ಮೆಟ್ಟಿಲ ಮೇಲೆ ಕುಸಿದು ಕೂತು ಗಳಗಳ ಅತ್ತುಬಿಟ್ಟೆ.

ಸೇತುವೆ ತೆರವಾಗಿ ನಾವು ಆ ಊರಿನ ಲಾಯ ಮುಟ್ಟಿದಾಗ ಸಂಜೆಯಾಗಿತ್ತು. ಮ್ಯಾನೇಜರ್ ಗೇಟಿನಲ್ಲೇ ನಿಂತಿದ್ದರು. ಇಳಿದ ಕುದುರೆಯ ಹಸಿರು ಬಾಯಿ ನೋಡಿದರು, ಹೊಟ್ಟೆ ನೋಡಿದರು. ಕೂಗಾಡುತ್ತಾರೆ ಅಂದುಕೊಂಡಿದ್ದೆ. ಕೂಗಾಡಲಿಲ್ಲ.

“ನೋಡಿದ್ಯಾ, ಪುಡಿ ಕೊಡ್ತಾ ಇದ್ದಿದ್ದಕ್ಕೆ ಬದುಕ್ತು” ಅಂದರು. ಆಮೇಲೆ ಇವರ ಹೆಗಲ ಮೇಲೆ ಕೈಯಿಟ್ಟು, “ಆಗಿದ್ದಾಯ್ತು. ಈಗ ಬಾಯಿಕುಕ್ಕೆ ಕಟ್ಟಿಬಿಡು. ಇಲ್ಲಿಯವರ ಕೈಗೆ ಇದು ಮೂತಿ ಕೊಡಲ್ಲ, ನೀನೇ ಕಟ್ಬೇಕು. ಮಾಲೀಕರಿಗೆ ನಾನೇನೂ ಹೇಳಲ್ಲ. ನಿನ್ನ ಕೆಲ್ಸ ನಿಂಗಿರತ್ತೆ” ಅಂದರು.

ಇವರು ನನ್ನ ಮುಖ ನೋಡಿದರು.

ನನ್ನ ಕಣ್ಣ ಮುಂದೆ ಬಂದದ್ದು ಕುದುರೆಯಲ್ಲ. ಶೆಡ್ಡಿನ ಮೇಲಿನ ಎರಡು ಕೋಣೆ, ಕಿಟಕಿಯ ಹತ್ತಿರದ ನನ್ನ ಹೊಲಿಗೆ ಮೆಷಿನ್, ಸಾಮಾನು ಹೊತ್ತು ಬೀದಿಯಲ್ಲಿ ನಿಲ್ಲುವ ನಾವಿಬ್ಬರು.

“ಕಟ್ಟಿಬಿಡ್ರೀ. ಒಂದು ರಾತ್ರಿ ತಾನೆ” ಅಂದೆ. ಅಂದದ್ದು ತಪ್ಪು ಅಂತ ಇವತ್ತಿಗೂ ಒಪ್ಪುವುದಿಲ್ಲ. ಮನೆ ನಡೆಸುವವಳಿಗೆ ಮನೆಯ ಚಿಂತೆಯೇ ಮೊದಲು.

“ನೀನೂ ಅದನ್ನೇ ಹೇಳ್ಬೇಡ ಕಣೇ” ಅಂದರು ಇವರು. ಮದುವೆಯಾದಾಗಿನಿಂದ ನನ್ನ ಒಂದು ಮಾತನ್ನೂ ತೆಗೆದುಹಾಕದವರು. ಲಾರಿಯ ಕೀಲಿಯನ್ನು ಮ್ಯಾನೇಜರ್ ಕೈಗಿಟ್ಟರು. “ಈಗ ನಾನು ನಿಮ್ಮ ಡ್ರೈವರ್ ಅಲ್ಲ ಸಾರ್. ಡಾಕ್ಟರಮ್ಮ ಬರೋವರೆಗೂ ಇದರ ಬಾಗಿಲಲ್ಲಿ ಕೂತಿರ್ತೀನಿ.”

ಒಂದು ತೆಕ್ಕೆ ಹುಲ್ಲು ತಂದು ಚಿನಕುರಳಿಯ ಮುಂದೆ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ಕೂತೇಬಿಟ್ಟರು. ಕಾವಲಿನವರನ್ನು ಕರೆದು ಎಳೆದು ಹಾಕಿಸಬಹುದಿತ್ತು. ಮ್ಯಾನೇಜರ್ ಯಾಕೋ ಕರೆಯಲಿಲ್ಲ. ಕೀಲಿ ಜೇಬಿಗೆ ಹಾಕಿಕೊಂಡು ಹೊರಟುಹೋದರು. ನನಗೆ ಸಿಟ್ಟು ನೆತ್ತಿಗೇರಿತ್ತು. ಆದರೂ ಹೋಗಿ ಪಕ್ಕದಲ್ಲಿ ಕೂತೆ.

ಬೆಳಿಗ್ಗೆ ಡಾಕ್ಟರಮ್ಮ ಕೊಳವೆ ಇಳಿಸಿ ನೋಡಿದರು. ಮಾಗಿದ್ದ ಜಾಗದಲ್ಲೇ ಹೊಸ ಗಾಯ ಬಾಯಿ ಬಿಟ್ಟಿತ್ತು. ಈ ಕುದುರೆ ಓಡುವಂತಿಲ್ಲ ಅಂತ ಹೇಳಿಬಿಟ್ಟರು. ಖಾಲಿ ಹೊಟ್ಟೆಯಲ್ಲೇ ಓಡಿಸಿದ್ದರೆ ಏನಾಗುತ್ತಿತ್ತು ಅಂತ ನಾನು ಕೇಳಿದೆ. “ಏನೂ ಆಗದೆ ಇರಬಹುದಿತ್ತು. ತೂತು ಬಿದ್ದು ಅಲ್ಲೇ ಸಾಯಲೂಬಹುದಿತ್ತು. ಯಾರೂ ಹೇಳೋಕಾಗಲ್ಲ” ಅಂದರು. ಮಾಲೀಕರ ಸಿಟ್ಟಿಗೆ ಒಬ್ಬರು ಬಲಿಯಾಗಬೇಕಿತ್ತು, ಮ್ಯಾನೇಜರ್ ಇವರನ್ನು ತೋರಿಸಿದರು. ಆ ವಾರವೇ ನಾವು ಕೋಣೆ ಖಾಲಿ ಮಾಡಿದೆವು.

ಈಗ ಇವರು ಮೇಜು ಕುರ್ಚಿ ಸಾಗಿಸುವ ವ್ಯಾನು ಓಡಿಸುತ್ತಾರೆ. ನಾನು ಶಾಲೆಯ ಚೀಲ ಹೊಲಿಯುತ್ತೇನೆ. ಚಿನಕುರಳಿಗೆ ಪುಡಿ ದಿನಾ ನಡೆಯುತ್ತಿದೆಯಂತೆ, ಹುಲ್ಲೂ ಮುಂದಿರುತ್ತದಂತೆ. ಡಾಕ್ಟರಮ್ಮ ಎದುರು ಸಿಕ್ಕಾಗ ಹೇಳಿದರು. ಲಾಯದ ಕಡೆಯವರು ಯಾರಾದರೂ, “ಏನೂ ಆಗ್ತಿರಲಿಲ್ಲ, ಸುಮ್ನೆ ಅನ್ನಕ್ಕೆ ಕಲ್ಲು ಹಾಕ್ಕೊಂಡ್ರು” ಅಂದರೆ ನಡುಬೀದಿಯಲ್ಲೇ ಜಗಳಕ್ಕೆ ನಿಲ್ಲುತ್ತೇನೆ. ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಅದೇ ಮಾತನ್ನು ನಾನೇ ಇವರಿಗೆ ಅನ್ನುತ್ತೇನೆ.

“ಬದುಕಿದಾಳಲ್ಲ ಕಣೇ” ಅನ್ನುತ್ತಾರೆ ಇವರು. ನಾನು ಅದೇ ಕತ್ತರಿ ಹಿಡಿದು ಮುಂದಿನ ಚೀಲದ ಬಟ್ಟೆ ಕತ್ತರಿಸಲು ಕೂರುತ್ತೇನೆ.